ಮಾವನ ವಾ ಪೆಡಲ್ಲಿಗೆ ಒಂದು ‘ವಾಲ್ಯೂಮ್’ ಹುಡುಕುತ್ತಾ

ಮೈಸೂರಿನಿಂದ ಸೋದರಮಾವ ಫೋನ್ ಮಾಡಿದವರು ಮಾತಿಗಿಂತ ಮೊದಲು ಸದ್ದು ಕೇಳಿಸಿದರು. ಒಣ ತೆಂಗಿನ ಗರಿಯನ್ನು ಸಿಮೆಂಟಿನ ಅಂಗಳದಲ್ಲಿ ಎಳೆದುಕೊಂಡು ಹೋದ ಹಾಗೆ ಕರಕರ, ಅದರ ನಡುವೆ ಗಿಟಾರಿನ ದನಿ ಒಮ್ಮೆ ತಲೆಯೆತ್ತಿ ಮತ್ತೆ ಮುಳುಗುತ್ತಿತ್ತು. “ಕೇಳಿಸ್ತಾ? ಪೆಡಲ್ ಹೋಯ್ತು ಕಣೇ. ನೀನೇ ನೋಡ್ಬೇಕು” ಎಂದರು.

ಮಾವ ಎಪ್ಪತ್ತರ ದಶಕದ ಕೊನೆಯಿಂದ ಸುಮಾರು ಇಪ್ಪತ್ತು ವರ್ಷ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸಿದವರು. ಗಣೇಶನ ಹಬ್ಬದಿಂದ ರಾಜ್ಯೋತ್ಸವದವರೆಗೆ ಒಂದು ರಾತ್ರಿಯೂ ಮನೆಯಲ್ಲಿ ಮಲಗುತ್ತಿರಲಿಲ್ಲ ಎಂದು ಅತ್ತೆ ಈಗಲೂ ಹೇಳುತ್ತಾರೆ. ಆ ಪೆಡಲ್ ಅವರಿಗೆ ಸಿಕ್ಕಿದ್ದು ಹಡಗಿನಲ್ಲಿ ಕೆಲಸಕ್ಕಿದ್ದ ಮಂಗಳೂರಿನ ಗೆಳೆಯನಿಂದ. ಇಟಲಿಯಲ್ಲಿ ತಯಾರಾದ ಕ್ರೈ ಬೇಬಿ, ಪಾದದಿಂದ ಒತ್ತಿದಂತೆ ಗಿಟಾರಿನ ದನಿಯನ್ನು ‘ವಾ’ ಎನ್ನಿಸುವ ವಾ ಪೆಡಲ್. ಎರಕದ ಅಲ್ಯೂಮಿನಿಯಂ ಮೈ, ಮೇಲೆ ಪಾದವಿಡುವ ಕಡೆ ರಬ್ಬರ್. ನಾನು ಚಿಕ್ಕವಳಿದ್ದಾಗ ಅವರು ಅದನ್ನು ತುಳಿಯುವುದನ್ನು ನೆಲದ ಮೇಲೆ ಕೂತು ಹತ್ತಿರದಿಂದ ನೋಡುತ್ತಿದ್ದೆ. ಕೈ ತಂತಿಯ ಮೇಲಿದ್ದರೂ ಹಾಡುತ್ತಿರುವುದು ಕಾಲು ಎಂದೇ ಅನ್ನಿಸುತ್ತಿತ್ತು.

ಬೆಂಗಳೂರಿಗೆ ತಂದು ನನ್ನ ಮೇಜಿನ ಮೇಲೆ ತಳ ಬಿಚ್ಚಿದೆ. ಒಳಗೆ ಇರುವುದು ತುಂಬಾ ಕಡಿಮೆ. ಅಂಗೈಯಗಲದ ಬೋರ್ಡು, ಎರಡು ಟ್ರಾನ್ಸಿಸ್ಟರ್, ಇಂಡಕ್ಟರ್ ಎಂಬ ಒಂದು ತಂತಿಸುರುಳಿ, ಬೆರಳೆಣಿಕೆಯ ರೆಸಿಸ್ಟರು, ಕಂಡೆನ್ಸರು. ಟ್ರಾನ್ಸಿಸ್ಟರುಗಳಲ್ಲಿ ಒಂದು ಲೋಹದ ಟೊಪ್ಪಿಗೆಯ ಬಿ.ಸಿ. 109. ಇನ್ನೊಂದು ಕಪ್ಪು ಪ್ಲಾಸ್ಟಿಕ್ಕಿನ ಬಿ.ಸಿ. 149, ನಮ್ಮ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್‌ನದು. ಯಾವುದೋ ವರ್ಷ ಯಾವುದೋ ಊರಿನ ರೇಡಿಯೋ ರಿಪೇರಿಯವರು, ಬಹುಶಃ ಸಂಜೆಯ ಕಾರ್ಯಕ್ರಮಕ್ಕೆ ಮೊದಲು, ಅಂಗಡಿಯಲ್ಲಿದ್ದದ್ದನ್ನೇ ಹಾಕಿಕೊಟ್ಟಿದ್ದಾರೆ. ಎರಡೂ ಒಂದೇ ಕುಲದವು, ಮೈ ಮಾತ್ರ ಬೇರೆ. ಅವರ ಸೋಲ್ಡರಿಂಗ್ ಇಂದಿಗೂ ಕನ್ನಡಿಯಂತಿದೆ. ಅದನ್ನು ನಾನು ಮುಟ್ಟಲಿಲ್ಲ.

ಕರಕರ ಬರುತ್ತಿದ್ದದ್ದು ಪಾಟ್‌ನಿಂದ. ಪೊಟೆನ್ಷಿಯೋಮೀಟರ್ ಎಂದು ಪುಸ್ತಕದಲ್ಲಿ ಓದುವ ಇದನ್ನು ನಮ್ಮ ರೇಡಿಯೋ ಅಂಗಡಿಗಳಲ್ಲಿ ಯಾರೂ ಹಾಗೆ ಕರೆಯುವುದಿಲ್ಲ. ‘ವಾಲ್ಯೂಮ್’ ಎನ್ನುತ್ತಾರೆ, ಅದು ವಾಲ್ಯೂಮಿಗೆ ಬಳಸಿದ್ದಲ್ಲದಿದ್ದರೂ. ಕುದುರೆಲಾಳದ ಆಕಾರದ ಕಾರ್ಬನ್ ಪಟ್ಟಿ, ಅದರ ಮೇಲೆ ಜಾರುವ ಲೋಹದ ಬೆರಳು, ಮೂರು ಕಾಲು. ವಾ ಪೆಡಲ್ಲಿನಲ್ಲಿ ಇದರ ದಂಡಕ್ಕೆ ಚಿಕ್ಕದೊಂದು ಹಲ್ಲುಚಕ್ರ ಸಿಕ್ಕಿಸಿರುತ್ತಾರೆ. ಪಾದ ಒತ್ತಿದಾಗ ಮೇಲಿನಿಂದ ಒಂದು ಹಲ್ಲುಪಟ್ಟಿ ಇಳಿದು ಆ ಚಕ್ರವನ್ನು ತಿರುಗಿಸುತ್ತದೆ. ರೇಡಿಯೋದ ವಾಲ್ಯೂಮನ್ನು ದಿನಕ್ಕೆ ನಾಲ್ಕು ಸಲ ತಿರುಗಿಸಿದರೆ ಹೆಚ್ಚು. ಇಲ್ಲಿ ಸೆಕೆಂಡಿಗೆ ಎರಡು ಸಲ ಪಾದ ಹೋಗಿ ಬಂದರೂ ನಾಲ್ಕು ನಿಮಿಷದ ಒಂದು ಹಾಡಿಗೆ 480 ಸಲ. ಸಾಮಾನ್ಯ ಕಾರ್ಬನ್ ಪಾಟ್‌ಗಳ ಬಾಳಿಕೆಯನ್ನು ತಯಾರಕರು ಹೇಳುವುದು ಕೆಲವು ಸಾವಿರದಿಂದ ಕೆಲವು ಹತ್ತು ಸಾವಿರ ಸುತ್ತುಗಳ ಲೆಕ್ಕದಲ್ಲಿ. ಮಾವನದು ಇಷ್ಟು ವರ್ಷ ನಡೆದದ್ದೇ ನನಗೆ ಆಶ್ಚರ್ಯ. ಅದರ ಬೆನ್ನ ಮೇಲೆ ಇಕಾರ್ ಎಂಬ ಇಟಲಿಯ ಗುರುತು ಇನ್ನೂ ಓದುವಂತಿತ್ತು. ಹಳೆಯ ವಾ ಪೆಡಲ್‌ಗಳ ಬಗ್ಗೆ ಗೊತ್ತಿರುವವರಿಗೆ ಆ ನಾಲ್ಕು ಅಕ್ಷರ ಕಂಡರೆ ಎದೆ ಒಮ್ಮೆ ಹೊಡೆದುಕೊಳ್ಳುತ್ತದೆ.

ಮೊದಲು ನಾನು ಮಾಡಿದ್ದು ತಪ್ಪು. ಪಾಟ್‌ನ ಸಂದಿಯೊಳಗೆ ಕ್ಲೀನರ್ ಸ್ಪ್ರೇ ಹೊಡೆದೆ. ಕರಕರ ನಿಂತಿತು, ಖುಷಿಯಿಂದ ಪೆಡಲನ್ನು ಮೈಸೂರಿಗೆ ಕಳಿಸಿಯೂ ಬಿಟ್ಟೆ. ಮೂರು ವಾರದಲ್ಲಿ ಸದ್ದು ಮೊದಲಿಗಿಂತ ಜೋರಾಗಿ ವಾಪಸ್ ಬಂತು. ಜೊತೆಗೆ ಮಾವ ಇನ್ನೊಂದು ಮಾತು ಹೇಳಿದರು: “ಕಾಲಿಗೆ ಸಿಗ್ತಾನೇ ಇಲ್ಲ, ಜಾರಿ ಹೋಗತ್ತೆ.” ಅದು ಪಾಟ್‌ನ ಒಳಗಿನ ಗ್ರೀಸ್. ದಂಡ ತಿರುಗುವ ಜಾಗದಲ್ಲಿ ತಯಾರಕರು ಹಾಕಿದ್ದ ದಪ್ಪ ಗ್ರೀಸ್ ಪಾದಕ್ಕೆ ಒಂದು ಹದವಾದ ತಡೆ ಕೊಡುತ್ತಿತ್ತು. ನನ್ನ ಸ್ಪ್ರೇ ಕೊಳೆಯ ಜೊತೆಗೆ ಅದನ್ನೂ ತೊಳೆದುಹಾಕಿತ್ತು. ಹಳೆಯ ಪಾಟ್‌ಗೆ ಸ್ಪ್ರೇ ಹೊಡೆಯುವ ಮುನ್ನ ಎರಡು ಸಲ ಯೋಚಿಸಿ ಎಂದು ಈಗ ಎಲ್ಲರಿಗೂ ಹೇಳುತ್ತೇನೆ. ಅದಕ್ಕಿಂತ ಮೊದಲು ಪಾಟ್‌ನ ಎರಡು ಬದಿಯ ಕಂಡೆನ್ಸರ್‌ಗಳನ್ನು ನೋಡಬೇಕು. ಅವು ಸೋರತೊಡಗಿ ಪಾಟ್‌ನ ಮೇಲೆ ಡಿಸಿ ವೋಲ್ಟೇಜ್ ಬಂದರೆ ಹೊಚ್ಚ ಹೊಸ ಪಾಟ್ ಕೂಡ ಕರಕರ ಅನ್ನುತ್ತದೆ, ಜನ ಪಾಟನ್ನೇ ಬೈದು ಬಿಸಾಡುತ್ತಾರೆ. ಮಾವನ ಪೆಡಲ್‌ನಲ್ಲಿ ಮೀಟರ್ ಇಟ್ಟು ನೋಡಿದೆ, ಕಂಡೆನ್ಸರ್‌ಗಳು ಗಟ್ಟಿಯಾಗಿದ್ದವು. ಸವೆದಿದ್ದು ಪಾಟೇ.

ಹಾಗಾಗಿ ಎಸ್.ಪಿ. ರೋಡ್, ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಪೇಟೆ.

ಅಲ್ಲಿನ ಅಂಗಡಿಗಳಲ್ಲಿ ಕೇಳುವ ಪ್ರಶ್ನೆ ಎರಡೇ: ಎಷ್ಟು ಕೆ? ಲಾಗಾ, ಲೀನಿಯರಾ? ಕೆ ಎಂದರೆ ಕಿಲೋಓಮ್, ಪಾಟ್‌ನ ರೋಧದ ಅಳತೆ. ತಿರುಗಿಸಿದಷ್ಟೇ ಸಮನಾಗಿ ರೋಧ ಬದಲಾದರೆ ಲೀನಿಯರ್, ಮೊದಲು ನಿಧಾನವಾಗಿ ಆಮೇಲೆ ಬೇಗ ಬದಲಾದರೆ ಲಾಗ್. ನಾನು ನೂರು ಕೆ ಎಂದೆ. ಎರಡನೆಯದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಎರಡೂ ಕೊಡಿ ಎಂದೆ. ಅಂಗಡಿಯ ಹಿರಿಯರು ಮಾವನ ಹಳೆಯ ಪಾಟನ್ನು ಕೈಗೆ ತೆಗೆದುಕೊಂಡು ದಂಡವನ್ನು ನಿಧಾನವಾಗಿ ತಿರುಗಿಸಿ, ಕಿವಿಯ ಹತ್ತಿರ ಹಿಡಿದು, “ಇದು ವಾಲ್ಯೂಮಿಗಲ್ಲ, ಬೇರೆ ಯಾವುದಕ್ಕೋ ಮಾಡಿದ್ದು ಮೇಡಂ. ಈ ತರಹದ್ದು ಬರಲ್ಲ” ಎಂದರು. ಅವರು ಹೇಳಿದ್ದು ಅಕ್ಷರಶಃ ನಿಜ ಎಂದು ತಿಳಿಯಲು ನನಗೆ ಆರು ತಿಂಗಳು ಬೇಕಾಯಿತು.

ತಂದ ಪಾಟ್‌ನ ದಂಡ ಗೀರುಗೀರಾಗಿತ್ತು, ನಡುವೆ ಸೀಳಿತ್ತು. ಹಳೆಯ ಹಲ್ಲುಚಕ್ರ ಅದರ ಮೇಲೆ ನಿಲ್ಲಲಿಲ್ಲ. ಈ ದಂಡದ ವಿಷಯದಲ್ಲಿ ಹಳೆಯ ಉಪಕರಣಗಳ ಜೊತೆ ಗುದ್ದಾಡುವ ಎಲ್ಲರೂ ಒಮ್ಮೆಯಾದರೂ ಸೋತಿರುತ್ತಾರೆ. ಅಮೆರಿಕದ ಅಳತೆಯದಾದರೆ ಕಾಲಿಂಚು, ಅಂದರೆ 6.35 ಮಿ.ಮೀ. ಮೆಟ್ರಿಕ್ ಅಳತೆಯದಾದರೆ 6 ಮಿ.ಮೀ. ಕಣ್ಣಿಗೆ ಎರಡೂ ಒಂದೇ, ಸಿಕ್ಕಿಸಿದರೆ ಒಂದು ಅಲ್ಲಾಡುತ್ತದೆ, ಇನ್ನೊಂದು ಒಳಗೇ ಹೋಗುವುದಿಲ್ಲ. ತೆಳು ಹಿತ್ತಾಳೆ ಹಾಳೆಯನ್ನು ಸುತ್ತಿ ಹೇಗೋ ಬಿಗಿಮಾಡಿದೆ. ಲೀನಿಯರ್ ಪಾಟ್ ಹಾಕಿ ಮೈಸೂರಿಗೆ ನಾನೇ ಹೋದೆ.

ಮಾವ ಎರಡು ನಿಮಿಷ ನುಡಿಸಿ ನಿಲ್ಲಿಸಿದರು. “ಕರಕರ ಇಲ್ಲ. ಆದ್ರೆ ಇದು ವಾ ಅಂತಿಲ್ಲ ಕಣೇ. ಇಷ್ಟುದ್ದ ಸುಮ್ನಿದ್ದು ಕೊನೇಲಿ ಒಮ್ಮೆಗೇ ವ್ಯಾಕ್ ಅನ್ನತ್ತೆ.”

“ನೂರು ಕೆನೇ ಮಾವ, ಮೀಟರ್ ಇಟ್ಟು ನೋಡಿದೀನಿ. ಅದೇ ಬೆಲೆ.”

“ಬೆಲೆ ಅದೇ ಇರಬಹುದು. ದಾರಿ ಬೇರೆ.”

ರಾತ್ರಿ ಬಸ್ಸಿನಲ್ಲಿ ಬರುವಾಗ ಅವರ ‘ದಾರಿ’ ಎಂಬ ಮಾತು ತಲೆಯಲ್ಲಿ ಕೂತಿತ್ತು. ಮನೆಗೆ ಬಂದು ಕಾಗದ ಪೆನ್ಸಿಲ್ ತೆಗೆದುಕೊಂಡೆ. ವಾ ಪೆಡಲ್ ಕೆಲಸ ಮಾಡುವ ರೀತಿ ನಿಜಕ್ಕೂ ಚಂದ. ಒಂದು ಇಂಡಕ್ಟರ್, ಸುಮಾರು 500 ಮಿಲಿಹೆನ್ರಿ. ಅದಕ್ಕೆ ಜೊತೆಯಾಗಿ 0.01 ಮೈಕ್ರೋಫ್ಯಾರಡ್ ಕಂಡೆನ್ಸರ್. ಇಬ್ಬರೂ ಸೇರಿ ಒಂದು ಸ್ವರವನ್ನು ಹಿಡಿದು ಎತ್ತುತ್ತಾರೆ, ಸುಮಾರು 2250 ಹರ್ಟ್ಸ್‌ನಲ್ಲಿ. ಇಂಡಕ್ಟರನ್ನಾಗಲೀ ಕಂಡೆನ್ಸರನ್ನಾಗಲೀ ಪಾದದಿಂದ ಬದಲಿಸಲು ಆಗುವುದಿಲ್ಲ. ಅದಕ್ಕೇ ಒಂದು ಉಪಾಯ. ಮೊದಲ ಟ್ರಾನ್ಸಿಸ್ಟರ್ ದೊಡ್ಡದು ಮಾಡಿದ ಸದ್ದಿನಲ್ಲಿ ಒಂದು ಪಾಲನ್ನು ಪಾಟ್ ಆರಿಸಿ, ಎರಡನೆಯ ಟ್ರಾನ್ಸಿಸ್ಟರ್ ಮೂಲಕ ಅದೇ ಕಂಡೆನ್ಸರ್‌ನ ಇನ್ನೊಂದು ತುದಿಗೆ ವಾಪಸ್ ಕೊಡುತ್ತದೆ. ಆಗ ಆ ಪುಟ್ಟ ಕಂಡೆನ್ಸರ್ ತಾನು ಇರುವುದಕ್ಕಿಂತ ಹಲವು ಪಟ್ಟು ದೊಡ್ಡದಾಗಿ ವರ್ತಿಸುತ್ತದೆ. ದೊಡ್ಡದಾದಷ್ಟೂ ಎತ್ತುವ ಸ್ವರ ಕೆಳಗಿಳಿಯುತ್ತದೆ. ಹಿಮ್ಮಡಿ ಪೂರ್ತಿ ಒತ್ತಿದಾಗ ಕಂಡೆನ್ಸರ್ 25 ಪಟ್ಟಾಯಿತು ಎಂದುಕೊಂಡರೆ ಸ್ವರ 450 ಹರ್ಟ್ಸ್‌ಗೆ ಬರುತ್ತದೆ. ಮುಂಗಾಲು ಪೂರ್ತಿ ಒತ್ತಿದರೆ 2250.

ಈಗ ಇದರಲ್ಲಿ ಲೀನಿಯರ್ ಪಾಟ್ ಇದೆ ಎಂದುಕೊಳ್ಳಿ. ಪಾದ ಅರ್ಧ ದಾರಿ ಬಂದಾಗ ಪಾಲು ಅರ್ಧವಾಗುತ್ತದೆ. ಲೆಕ್ಕ ಹಾಕಿದರೆ ಸ್ವರ ಬರೀ 620ರ ಆಸುಪಾಸು! ಮುಕ್ಕಾಲು ದಾರಿಗೆ 850. ಹತ್ತರಲ್ಲಿ ಒಂಬತ್ತು ಪಾಲು ದಾರಿ ಸವೆಸಿದರೂ 1220. ಉಳಿದ ಸಾವಿರ ಹರ್ಟ್ಸ್ ಇರುವುದು ಕೊನೆಯ ಒಂದೇ ಪಾಲಿನಲ್ಲಿ. ಮಾವ ಹೇಳಿದ್ದು ಇದನ್ನೇ, ಇಷ್ಟುದ್ದ ಸುಮ್ಮನಿದ್ದು ಕೊನೆಯಲ್ಲಿ ವ್ಯಾಕ್. ಕಿವಿಗೆ 450 ಮತ್ತು 2250ರ ನಟ್ಟನಡುವೆ ಎಂದರೆ ಸುಮಾರು 1000 ಹರ್ಟ್ಸ್, ಏಕೆಂದರೆ ಕಿವಿ ಲೆಕ್ಕ ಹಾಕುವುದು ಪಟ್ಟಿನಲ್ಲಿ. ಪಾದ ನಡುದಾರಿಗೆ ಬಂದಾಗ ಸ್ವರವೂ ನಡುದಾರಿಗೆ ಬರಬೇಕಾದರೆ ಪಾಟ್ ನೂರು ಕೆಯಲ್ಲಿ 50 ಅಲ್ಲ, ಸುಮಾರು 17 ಕೆಯಷ್ಟೇ ಕೊಡಬೇಕು. ಬಸ್ಸಿನ ಆಯಾಸದಲ್ಲಿ ಬೆಳಗಿನ ಜಾವ ಮೂರು ಗಂಟೆಗೆ ಈ 17 ಕಾಗದದ ಮೇಲೆ ಬಂದಾಗ ನನಗೆ ಆದ ಸಂತೋಷವನ್ನು ಇಲ್ಲಿ ಬರೆಯದೆ ಇರಲಾರೆ. ಮಾವ ಒಂದು ಸೂತ್ರವನ್ನೂ ತಿಳಿಯದೆ, ಎರಡೇ ನಿಮಿಷದಲ್ಲಿ, ಅದನ್ನು ಪಾದದಿಂದ ಅಳೆದಿದ್ದರು.

ಹಾಗಾದರೆ ಲಾಗ್ ಪಾಟ್ ಹಾಕಿದರೆ ಆಯಿತಲ್ಲ ಎಂದುಕೊಂಡೆ. ಸಾಮಾನ್ಯ ಲಾಗ್ ಪಾಟ್ ಅರ್ಧ ಸುತ್ತಿನಲ್ಲಿ ಕೊಡುವುದು ಒಟ್ಟು ಬೆಲೆಯ ಹತ್ತು-ಹದಿನೈದು ಶೇಕಡಾ, ಹದಿನೇಳಕ್ಕೆ ಹತ್ತಿರವೇ. ಹಾಕಿದೆ. ಮೊದಲಿಗಿಂತ ಎಷ್ಟೋ ಮೇಲು, ಆದರೆ ಪೆಡಲ್‌ನ ಒಂದು ತುದಿ ಸತ್ತೇಹೋಯಿತು. ಪಾಟ್ ತುದಿಯಿಂದ ತುದಿಗೆ ಸುಮಾರು 300 ಡಿಗ್ರಿ ತಿರುಗುತ್ತದೆ. ಪೆಡಲ್ಲಿನ ಹಲ್ಲುಪಟ್ಟಿ ಅದನ್ನು ತಿರುಗಿಸುವುದು ಅದರಲ್ಲಿ ಒಂದು ಭಾಗವನ್ನಷ್ಟೇ. ರೇಡಿಯೋಗೆಂದು ಮಾಡಿದ ಲಾಗ್ ಪಾಟ್ ತನ್ನ ಬದಲಾವಣೆಯನ್ನು ಇಡೀ ಸುತ್ತಿಗೆ ಹರಡಿಕೊಂಡಿರುತ್ತದೆ. ಬೇಸ್ ಸಿಗುವಂತೆ ಹಲ್ಲು ಕೂರಿಸಿದರೆ ಟ್ರೆಬಲ್ ಸಿಗುವುದಿಲ್ಲ, ಟ್ರೆಬಲ್‌ಗೆ ಕೂರಿಸಿದರೆ ಬೇಸ್ ಇಲ್ಲ. ವಾ ಪೆಡಲ್ಲಿಗೆಂದೇ ಮಾಡಿದ ಪಾಟ್‌ನಲ್ಲಿ ಎರಡು ತುದಿಗಳೂ ಸಮತಟ್ಟು, ಏರೆಲ್ಲ ಪಾದಕ್ಕೆ ಸಿಗುವ ಆ ಭಾಗದೊಳಗೆ. ಗ್ರಾಫ್ ಬರೆದರೆ ಘಾಟಿ ರಸ್ತೆ ನೆನಪಾಗುತ್ತದೆ: ಬಯಲು, ಆಮೇಲೆ ಏರು, ಮತ್ತೆ ಬಯಲು.

ಎಸ್.ಪಿ. ರೋಡಿನ ಆ ಹಿರಿಯರು ಕಿವಿಯ ಹತ್ತಿರ ಹಿಡಿದು ಹೇಳಿದ್ದು ಇದನ್ನೇ.

ಈ ಪೆಡಲ್ಲಿನ ಕಥೆಯೇ ಪಾಟ್‌ನಿಂದ ಶುರುವಾದದ್ದು, ಅದು ನನಗೆ ಗೊತ್ತಾದದ್ದೂ ಇದೇ ಹುಡುಕಾಟದಲ್ಲಿ. 1966ರಲ್ಲಿ ಕ್ಯಾಲಿಫೋರ್ನಿಯಾದ ಥಾಮಸ್ ಆರ್ಗನ್ ಕಂಪನಿ ವಾಕ್ಸ್ ಹೆಸರಿನ ಆಂಪ್ಲಿಫೈಯರುಗಳನ್ನು ಅಮೆರಿಕಕ್ಕಾಗಿ ಹೊಸದಾಗಿ ರೂಪಿಸುತ್ತಿತ್ತು. ಅವುಗಳಲ್ಲಿ ನಡುಸ್ವರಗಳನ್ನು ಎತ್ತಿ ಕೊಡಲು ಮೂರು ಜಾಗದ ಒಂದು ಸ್ವಿಚ್ ಇತ್ತು. ದುಬಾರಿಯ ಆ ಸ್ವಿಚ್ ತೆಗೆದು ಅಗ್ಗದ ಪಾಟ್ ಹಾಕುವ ದಾರಿ ಹುಡುಕುತ್ತಿದ್ದವರು ಬ್ರಾಡ್ ಪ್ಲಂಕೆಟ್ ಎಂಬ ಯುವ ಎಂಜಿನಿಯರ್. ಸ್ವಿಚ್ ಇದ್ದಾಗ ಮೂರು ನಿಲ್ದಾಣ, ಪಾಟ್ ಬಂದಾಗ ನಡುವಿನ ದಾರಿಯೆಲ್ಲ ತೆರೆದುಕೊಂಡಿತು. ತಿರುಗಿಸುತ್ತಿದ್ದಂತೆ ಯಂತ್ರ ಬಾಯಿ ಬಿಟ್ಟು ಮಾತಾಡಿದ ಹಾಗೆ ಕೇಳಿಸಿತು. ವಾಕ್ಸ್ ಕಾಂಟಿನೆಂಟಲ್ ಆರ್ಗನ್ನಿನ ವಾಲ್ಯೂಮ್ ಪೆಡಲ್‌ನೊಳಗೆ ಆ ಸರ್ಕ್ಯೂಟ್ ಸೇರಿಕೊಂಡಿತು. ಡೆಲ್ ಕ್ಯಾಷರ್ ಎಂಬ ಗಿಟಾರ್ ವಾದಕರು ಇದು ಗಿಟಾರಿಗೇ ಸೇರಬೇಕಾದದ್ದು ಎಂದು ಹಟ ಹಿಡಿದರು. ಕಂಪನಿ ಮಾತ್ರ ಪೆಡಲ್ಲಿಗೆ ಹೆಸರಿಟ್ಟಿದ್ದು ಟ್ರಂಪೆಟ್ ವಾದಕ ಕ್ಲೈಡ್ ಮೆಕಾಯ್ ಅವರದನ್ನು, ಟ್ರಂಪೆಟ್ಟಿನ ಬಾಯಿಗೆ ಮುಚ್ಚಳ ಹಿಡಿದು ತೆಗೆದು ‘ವಾ ವಾ’ ಎನ್ನಿಸುವುದರಲ್ಲಿ ಹೆಸರಾದವರು ಅವರು. ಮೊದಲ ಪೆಡಲ್‌ಗಳ ತಳದಲ್ಲಿ ಅವರ ಚಿತ್ರವೂ ಇತ್ತು. 1967ರ ಫೆಬ್ರವರಿಯಲ್ಲಿ ಪೇಟೆಂಟಿಗೆ ಅರ್ಜಿ ಹೋಯಿತು, 1970ರಲ್ಲಿ ಪೇಟೆಂಟ್ ಸಿಕ್ಕಿತು. ಅಷ್ಟರಲ್ಲಿ ಜಿಮಿ ಹೆಂಡ್ರಿಕ್ಸ್, ಎರಿಕ್ ಕ್ಲಾಪ್ಟನ್ ಇಬ್ಬರೂ ಅದನ್ನು ಜಗತ್ತಿಗೆಲ್ಲ ಕೇಳಿಸಿಯಾಗಿತ್ತು. ತಯಾರಿಕೆಯ ದೊಡ್ಡ ಪಾಲು ಇಟಲಿಗೆ ಹೋಯಿತು, ಆಡ್ರಿಯಾಟಿಕ್ ತೀರದ ಪೆಸ್ಕಾರಾದಲ್ಲಿದ್ದ ಜೆನ್ ಎಲೆಟ್ಟ್ರೋನಿಕಾಗೆ. ಮಾವನ ಪೆಡಲ್ ಅಲ್ಲಿಯದೇ.

ಇಂದು ಹಳೆಯ ವಾ ಪೆಡಲ್ ಮಾರುವವರು ಮೊದಲು ಹೊಗಳುವುದು ಇಂಡಕ್ಟರನ್ನು. ಕೆಂಪು ಫೇಸಲ್, ಹಳದಿ ಫೇಸಲ್, ಹೇಲೋ ಎಂದು ಅದರ ಹೆಸರುಗಳನ್ನು ಜಪದಂತೆ ಹೇಳುತ್ತಾರೆ. ಇಂಡಕ್ಟರ್ ಮುಖ್ಯವೇ, ಅಲ್ಲಗಳೆಯುವುದಿಲ್ಲ. ಆದರೆ ಇಂಡಕ್ಟರ್ ಸವೆಯುವುದಿಲ್ಲ. ಪಾದದ ಭಾರ ಹೊತ್ತು, ಸವೆದು, ಕೊನೆಗೆ ಕಿತ್ತು ಕಸಕ್ಕೆ ಹೋಗುವುದು ಪಾಟ್. ಹಳೆಯ ಇಕಾರ್ ಪಾಟ್‌ಗಳು ಇಷ್ಟು ವಿರಳವಾಗಿರುವುದಕ್ಕೆ ಕಾರಣ ಅದೇ.

ಪೆಡಲ್ಲಿಗೆ ‘ವಾ’ ಎಂಬ ಹೆಸರು ಬಂದದ್ದು ಅದರ ದನಿಯಿಂದಲೇ. ನಮ್ಮ ಬಾಯಿಯೂ ಮಾಡುವುದು ಇದೇ ಕೆಲಸ. ಗಂಟಲಿನ ಸದ್ದು ಒಂದೇ, ನಾಲಿಗೆ ತುಟಿಗಳು ಬಾಯೊಳಗಿನ ಪೊಳ್ಳನ್ನು ಬದಲಿಸಿದಂತೆ ಬೇರೆ ಬೇರೆ ಎಡೆಯಲ್ಲಿ ಸ್ವರ ಎದ್ದು ‘ಊ’, ‘ಆ’, ‘ಈ’ ಆಗುತ್ತದೆ. ಪೆಡಲನ್ನು ಹಿಮ್ಮಡಿಯಿಂದ ಮುಂಗಾಲಿಗೆ ನಿಧಾನವಾಗಿ ಒತ್ತಿ ನೋಡಿ, ಊಕಾರದಿಂದ ಹೊರಟು ಆಕಾರವನ್ನು ಹಾದು ಈಕಾರದ ಕಡೆಗೆ ಹೋಗುತ್ತದೆ. ಶಾಲೆಯಲ್ಲಿ ಹ್ರಸ್ವ, ದೀರ್ಘ, ಪ್ಲುತ ಎಂದು ಕಲಿತಿದ್ದೇವಲ್ಲ, ಅದನ್ನು ಇಲ್ಲಿ ತೀರ್ಮಾನಿಸುವುದು ಪಾದ ಮತ್ತು ಪಾಟ್ ಸೇರಿ. ಲೀನಿಯರ್ ಪಾಟ್ ಹಾಕಿದ ದಿನ ಪೆಡಲ್ಲಿನ ಊಕಾರ ಪ್ಲುತವಾಗಿತ್ತು, ಆಕಾರ ಕೇಳಿಸುವ ಮೊದಲೇ ಮುಗಿಯುತ್ತಿತ್ತು. ನಮ್ಮ ಸಂಗೀತ ಕೇಳಿ ಬೆಳೆದವರಿಗೆ ಇದನ್ನು ವಿವರಿಸುವುದು ಇನ್ನೂ ಸುಲಭ. ಎರಡು ಸ್ವರಸ್ಥಾನ ಸರಿಯಿದ್ದರೆ ಸಾಲದು, ಒಂದರಿಂದ ಇನ್ನೊಂದಕ್ಕೆ ಹೋಗುವ ಗಮಕದಲ್ಲೇ ರಾಗ ಇರುವುದು ಎಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಆಮೇಲೆ ನಡೆದ ಎರಡು ಪ್ರಯತ್ನಗಳನ್ನು ಬೇಗ ಹೇಳಿಬಿಡುತ್ತೇನೆ. ಆನ್‌ಲೈನಿನಲ್ಲಿ ಒಬ್ಬರು ‘ಅಸಲಿ ವಿಂಟೇಜ್ ವಾ ಪಾಟ್’ ಎಂದು ಮಾರುತ್ತಿದ್ದರು, ಬೆಲೆ ಸಾಮಾನ್ಯ ಪಾಟ್‌ನ ನಲವತ್ತು ಪಟ್ಟು. ಬಂದದ್ದನ್ನು ಅಳೆದರೆ ಅಪ್ಪಟ ಲೀನಿಯರ್, ಮೇಲೆ ಹೊಸ ಚೀಟಿ. ಹಣ ಹೋದದ್ದಕ್ಕಿಂತ ಹೆಚ್ಚಾಗಿ, ಎಪ್ಪತ್ತು ದಾಟಿದ ಮನುಷ್ಯನಿಗೆ ‘ಈ ಸಲ ಖಂಡಿತ ಮಾವ’ ಎಂದು ಹೇಳಿದ್ದೆನಲ್ಲ, ಅದು ನೋವು ಕೊಟ್ಟಿತು. ಆಗಿನಿಂದ ಯಾವ ಪಾಟ್ ಬಂದರೂ ಕಾಗದದ ಮೇಲೆ ಕೋನಮಾಪಕ ಅಂಟಿಸಿ, ದಂಡಕ್ಕೆ ಗುಂಡುಸೂಜಿ ಕಟ್ಟಿ, ಹತ್ತತ್ತು ಡಿಗ್ರಿಗೆ ಮೀಟರ್ ಓದಿ ಗ್ರಾಫ್ ಬರೆಯುತ್ತೇನೆ. ಪಾಟ್ ಮೇಲಿನ ಅಕ್ಷರವನ್ನು ನಂಬುವುದಿಲ್ಲ. ಈಗಿನ ಪಾಟ್‌ಗಳಲ್ಲಿ ಸಾಮಾನ್ಯವಾಗಿ ಎ ಅಂದರೆ ಲಾಗ್, ಬಿ ಅಂದರೆ ಲೀನಿಯರ್. ಯುರೋಪಿನ ಕೆಲವು ಹಳೆಯ ಪಾಟ್‌ಗಳಲ್ಲಿ ಎ ಅಂದರೇ ಲೀನಿಯರ್.

ಇನ್ನೊಂದು ಪ್ರಯತ್ನ, ಲೀನಿಯರ್ ಪಾಟನ್ನು ಬಗ್ಗಿಸುವುದು. ನಡುಕಾಲಿನಿಂದ ನೆಲದ ಕಾಲಿಗೆ 15 ಕೆ ರೆಸಿಸ್ಟರ್ ಹಾಕಿದರೆ ನಡುದಾರಿಯಲ್ಲಿ ಪಾಲು ಐವತ್ತರಿಂದ ಹತ್ತೊಂಬತ್ತು ಶೇಕಡಕ್ಕೆ ಇಳಿಯುತ್ತದೆ, ನನ್ನ ಹದಿನೇಳರ ಪಕ್ಕದಲ್ಲೇ! ಕಾಗದದ ಮೇಲೆ ಅದ್ಭುತ. ಆದರೆ ಹಿಮ್ಮಡಿಯ ತುದಿಗೆ ಬಂದಾಗ ಆ ನೂರು ಕೆ ಮತ್ತು 15 ಕೆ ಪಕ್ಕಪಕ್ಕ ಕೂತು ಬರೀ 13 ಕೆ ಆಗುತ್ತದೆ. ಮೊದಲ ಟ್ರಾನ್ಸಿಸ್ಟರ್‌ನ ತಲೆಯ ಮೇಲಿರುವುದು 22 ಕೆ ರೆಸಿಸ್ಟರ್. ಇಷ್ಟು ಭಾರ ಹೇರಿದರೆ ಅದರ ಬಲ ಅರ್ಧಕ್ಕಿಂತ ಕೆಳಗಿಳಿಯುತ್ತದೆ, ಕಂಡೆನ್ಸರ್ ಬೇಕಾದಷ್ಟು ಪಟ್ಟು ದೊಡ್ಡದಾಗುವುದಿಲ್ಲ, ಊಕಾರಕ್ಕೆ ಆಳ ಬರುವುದಿಲ್ಲ. ಸರಿಯಾದ ಪಾಟ್ ಸಿಗದ ಊರಿನಲ್ಲಿ, ನಾಳೆಯೇ ಕಾರ್ಯಕ್ರಮ ಇದ್ದರೆ ಇದನ್ನು ಮಾಡಿ. ಮನೆಯ ಪೆಡಲ್ಲಿಗೆ ಬೇಡ.

ಇನ್ನೊಂದು ಹಳೆಯ ಪೆಡಲ್ ಕೊಂಡು ಅದರ ಪಾಟ್ ಕಿತ್ತು ಇದಕ್ಕೆ ಹಾಕು ಎಂದು ಒಬ್ಬ ಗೆಳೆಯ ಸಲಹೆ ಕೊಟ್ಟ. ತುಂಬಾ ಜನ ಹಾಗೆ ಮಾಡುತ್ತಾರೆ. ನನಗೆ ಮನಸ್ಸಾಗಲಿಲ್ಲ. ಐವತ್ತು ವರ್ಷ ಉಳಿದು ಬಂದ ಇನ್ನೊಂದು ವಾದ್ಯವನ್ನು ಮೂಕ ಮಾಡಿ ಇದಕ್ಕೆ ಬಾಯಿ ಕೊಡುವುದು ರಿಪೇರಿ ಎಂದು ನಾನು ಒಪ್ಪುವುದಿಲ್ಲ.

ಕೊನೆಗೆ ಸಿಕ್ಕಿದ್ದು ಡನ್‌ಲಪ್ ಕಂಪನಿಯ ಹಾಟ್ ಪಾಟ್ಜ್. 1982ರಿಂದ ಕ್ರೈ ಬೇಬಿ ಹೆಸರು ಅವರದು, ಪೆಡಲನ್ನು ಇಂದಿಗೂ ತಯಾರಿಸುತ್ತಾರೆ, ಬಿಡಿಭಾಗವನ್ನೂ ಮಾರುತ್ತಾರೆ. ಪರಿಚಯದವರೊಬ್ಬರು ಅಮೆರಿಕದಿಂದ ಬರುವಾಗ ತಂದುಕೊಟ್ಟರು. ಗ್ರಾಫ್ ಬರೆದೆ, ಘಾಟಿ ರಸ್ತೆ! ಕೂರಿಸುವುದು ಒಂದು ಸಂಜೆಯ ಕೆಲಸ, ಏಕೆಂದರೆ ಹಲ್ಲುಚಕ್ರವನ್ನು ಹಲ್ಲುಪಟ್ಟಿಯಿಂದ ಬಿಡಿಸಿ ಒಂದೊಂದೇ ಹಲ್ಲು ಸರಿಸುತ್ತಾ, ಪ್ರತಿ ಸಲವೂ ಗಿಟಾರ್ ಕೈಗೆತ್ತಿಕೊಂಡು ಕೇಳಬೇಕು. ಒಂದು ಹಲ್ಲು ಈಚೆಯಾದರೆ ಕೊರಳು ಗಡಸು, ಒಂದು ಹಲ್ಲು ಆಚೆಯಾದರೆ ಮೂಗುಸ್ವರ. ನನ್ನ ಕಿವಿಗೆ ಸರಿ ಅನ್ನಿಸಿದ ಜಾಗದಲ್ಲಿ ಬಿಗಿದು ಮಾವನಿಗೆ ಕೊಟ್ಟೆ. ಅರ್ಧ ಗಂಟೆ ನಿಲ್ಲಿಸದೆ ನುಡಿಸಿದರು. “ಈಗ ವಾ ಅಂತು” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಒಳ್ಳೇ ಪೆಡಲ್. ಯಾರದೋ ಒಳ್ಳೇ ಪೆಡಲ್ ನುಡಿಸಿದ ಹಾಗಿದೆ.”

ಆ ಮಾತಿಗೆ ನಾನು ಹಳೆಯ ಇಕಾರ್ ಪಾಟನ್ನು ಬಿಸಾಡದೆ ಡಬ್ಬಿಯಲ್ಲಿಟ್ಟಿದ್ದು ನೆನಪಾಯಿತು. ಅದರ ಬೆನ್ನಿನ ತಗಡನ್ನು ಹಿಡಿದಿರುವ ನಾಲ್ಕು ಕಿವಿಗಳನ್ನು ಎತ್ತಿದರೆ ಒಳಗು ತೆರೆದುಕೊಳ್ಳುತ್ತದೆ. ನಿಧಾನವಾಗಿ ಎತ್ತಿದೆ, ಒಂದು ಕಿವಿ ಮುರಿದರೆ ಮುಗಿಯಿತು. ಭೂತಗನ್ನಡಿಯಲ್ಲಿ ಕಾರ್ಬನ್ ಪಟ್ಟಿ ನೋಡಿದೆ. ಲೋಹದ ಬೆರಳು ಓಡಾಡಿದ ಗೆರೆ ಸ್ಪಷ್ಟವಾಗಿತ್ತು, ಗದ್ದೆಯ ಬದುವಿನ ಕಾಲುದಾರಿಯಂತೆ. ಆದರೆ ಎಲ್ಲ ಕಡೆ ಒಂದೇ ಆಳವಲ್ಲ. ಹಿಮ್ಮಡಿಯ ತುದಿಯಿಂದ ಮೂರರಲ್ಲಿ ಒಂದು ಪಾಲು ದೂರದಲ್ಲಿ ಒಂದು ಗುಳಿ, ಅಲ್ಲಿ ಕಾರ್ಬನ್ ಹೋಗಿ ಕೆಳಗಿನ ಕಂದು ಹಲಗೆ ಕಾಣುತ್ತಿತ್ತು. ಮಾವ ಸೋಲೋ ನುಡಿಸುವಾಗ ಪೆಡಲನ್ನು ಆಡಿಸುವುದಿಲ್ಲ. ಒಂದು ಕಡೆ ನಿಲ್ಲಿಸಿ, ಪಾದವನ್ನು ಸಣ್ಣದಾಗಿ ನಡುಗಿಸುತ್ತಾರೆ. ನೆಲದ ಮೇಲೆ ಕೂತು ನಾನು ನೋಡುತ್ತಿದ್ದದ್ದು ಅದನ್ನೇ. ಇಪ್ಪತ್ತು ವರ್ಷದ ಹಬ್ಬದ ರಾತ್ರಿಗಳು ಬಿದ್ದ ಜಾಗ ಅದು.

ಪಟ್ಟಿ ಬೆರಳಿಗಿಂತ ಅಗಲವಾಗಿತ್ತು. ಗೆರೆಯ ಎರಡೂ ಕಡೆ ಮುಟ್ಟದ ಕಾರ್ಬನ್ ಕಪ್ಪಗೆ ಹೊಳೆಯುತ್ತಿತ್ತು. ಹಳೆಯ ರಿಪೇರಿಯವರು ಬಲ್ಲ ಉಪಾಯ ಒಂದಿದೆ. ಚಿಮಟದಲ್ಲಿ ಆ ಲೋಹದ ಬೆರಳನ್ನು ಹಿಡಿದು ಕೂದಲೆಳೆಯಷ್ಟು ಪಕ್ಕಕ್ಕೆ ಬಾಗಿಸುವುದು, ಸವೆಯದ ಕಡೆ ಓಡುವಂತೆ. ಬಾಗಿಸಿದೆ. ದಂಡದ ಕುತ್ತಿಗೆಗೆ ಮಾತ್ರ, ಕಾರ್ಬನ್ನಿಗೆ ಸೋಕದಂತೆ, ದಪ್ಪ ಗ್ರೀಸ್ ಹಚ್ಚಿದೆ. ಕಿವಿಗಳನ್ನು ಒಂದೊಂದಾಗಿ ಮಡಚಿದೆ. ಮೀಟರ್‌ನ ಮುಳ್ಳು ಒಂದೂ ಕಡೆ ನೆಗೆಯದೆ ಸೊನ್ನೆಯಿಂದ 97 ಕೆವರೆಗೆ ಹೋಯಿತು, ಬಂತು.

ಕಳೆದ ದಸರಾ ರಜೆಯಲ್ಲಿ ಅದನ್ನೇ ಹಾಕಿ ಮೈಸೂರಿಗೆ ಒಯ್ದೆ. ಏನು ಬದಲಾಗಿದೆ ಎಂದು ಹೇಳಲಿಲ್ಲ. ಮಾವ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ, ಕುರ್ಚಿಯ ತುದಿಗೆ ಕೂತು ನುಡಿಸತೊಡಗಿದರು. ನಾನು ನೆಲದ ಮೇಲೆ ಕೂತೆ. ಮೂರನೆಯ ಸಾಲಿಗೆ ಬಂದಾಗ ಪಾದ ಹೋಗಿ ಆ ಜಾಗದಲ್ಲೇ ನಿಂತು ನಡುಗತೊಡಗಿತು. ಹಾಟ್ ಪಾಟ್ಜ್ ನನ್ನ ಡಬ್ಬಿಯಲ್ಲಿದೆ, ಗ್ರಾಫಿನ ಕಾಗದ ಸುತ್ತಿ, ಮೇಲೆ ‘ಮಾವನ ಪೆಡಲ್ಲಿಗೆ’ ಎಂದು ಬರೆದು ಇಟ್ಟಿದ್ದೇನೆ.